ಜಾಕ್‌ಪಾಟ್ ಹೊಡೆದರೆ ಯಾರಿಗೆ ಎಷ್ಟು ಕೊಡುತ್ತೀರಿ?

ಹಗಲುಗನಸು:

ಮಲಗುವ ಮುಂಚೆ ಲಾಟರಿ ಗೆದ್ದ ಹಾಗೆ ಕನಸು ಕಟ್ಟುವ ಅಭ್ಯಾಸ ನಿಮ್ಮಲ್ಲಿ ಎಷ್ಟು ಜನಕ್ಕಿದೆ? ನನಗಂತೂ ಇದೆ, ಬಹಳ ವರ್ಷಗಳಿಂದ. ಮೊತ್ತವನ್ನೂ ಗಟ್ಟಿ ಮಾಡಿಕೊಂಡಿದ್ದೇನೆ. ತೆರಿಗೆ ಗಿರಿಗೆ ಎಲ್ಲ ಕಳೆದು ಕೈಗೆ 100 ಕೋಟಿ.

ಮೊದಮೊದಲು ಮನೆ, ಕಾರು, ದೇಶ ಸುತ್ತೋದು ಇದರಲ್ಲೇ ಮುಳುಗಿರುತ್ತಿದ್ದೆ. ಈಗ ಅದು ಬೇಗ ಮುಗಿದುಹೋಗುತ್ತದೆ. ಎಷ್ಟೇ ಧಾರಾಳವಾಗಿ ಖರ್ಚು ಮಾಡಿದರೂ ನನ್ನ ಆಸೆಗಳೆಲ್ಲ ಸೇರಿ ಆ ದುಡ್ಡಿನ ಒಂದು ಮೂಲೆಯೂ ಸವೆಯುವುದಿಲ್ಲ. ಆಮೇಲೆ ಶುರುವಾಗುತ್ತದೆ ಹಂಚುವ ಕೆಲಸ. ಅಲ್ಲಿ ಸಿಕ್ಕಿಕೊಂಡರೆ ನಿದ್ದೆಯೇ ಹಾರಿಹೋಗುತ್ತದೆ.

ಅಕ್ಕನಿಗೆ ಸಾಲ ಇದೆ, ಮಕ್ಕಳು ಇನ್ನೂ ಓದುತ್ತಿದ್ದಾರೆ. ತಮ್ಮ ಚೆನ್ನಾಗಿ ದುಡಿಯುತ್ತಾನೆ, ಅವನಿಗೆ ಏನೂ ಕಮ್ಮಿ ಇಲ್ಲ. ಇಬ್ಬರಿಗೂ ಸಮ ಕೊಟ್ಟರೆ ಅಕ್ಕನಿಗೆ ಅನ್ಯಾಯ ಮಾಡಿದ ಹಾಗೆ ಅನಿಸುತ್ತದೆ. ಅಕ್ಕನಿಗೆ ಜಾಸ್ತಿ ಕೊಟ್ಟರೆ ತಮ್ಮ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಆದರೆ ಮನಸ್ಸಲ್ಲಿ ಇಟ್ಟುಕೊಳ್ಳುತ್ತಾನೆ, ಅವನು ಹಾಗೇನೇ. ಒಬ್ಬ ಚಿಕ್ಕಪ್ಪ ನಮ್ಮ ಕಷ್ಟಕಾಲದಲ್ಲಿ ನನ್ನ ಫೀಸು ಕಟ್ಟಿದವರು, ಇನ್ನೊಬ್ಬರು ಆಗ ತಿರುಗಿಯೂ ನೋಡಲಿಲ್ಲ. ಇಬ್ಬರಿಗೂ ಒಂದೇ ತಕ್ಕಡಿಯಾ?

ಇನ್ನು ಸ್ನೇಹಿತರು. ನನಗೊಬ್ಬ ಗೆಳೆಯ ಇದ್ದಾನೆ, ಎಲ್ಲಿ ಹೋದರೂ ಬಿಲ್ಲು ಅರ್ಧ ಅರ್ಧ. ನಾನು ತಪ್ಪು ಮಾಡಿದರೆ ಮುಖದ ಮೇಲೆ ಬೈಯುತ್ತಾನೆ. ಅವನ ಕೈಗೆ 1 ಕೋಟಿ ಇಟ್ಟೆ ಅಂದುಕೊಳ್ಳಿ, ಮಾರನೇ ದಿನದಿಂದ ಅವನು ನನ್ನನ್ನು ಹಾಗೆ ಬೈಯಲು ಆಗುತ್ತದಾ? ಇದು ನೆನೆಸಿಕೊಂಡರೆ ನಿಜವಾಗಿಯೂ ಬೇಜಾರಾಗುತ್ತದೆ.

ಲಾಟರಿ ಬರಲ್ಲ ಸುಮ್ನೆ ಮಲಗು ಅಂತ ಮಾತ್ರ ಹೇಳಬೇಡಿ. ಅದು ಗೊತ್ತು. ನೀವಾದರೆ ಹೇಗೆ ಹಂಚುತ್ತೀರಿ, ಅದನ್ನು ಹೇಳಿ. ಈ ಬಗ್ಗೆ ಯೋಚಿಸಿದವರು, ಓದಿದವರು ಇಲ್ಲಿ ಇದ್ದೇ ಇರುತ್ತಾರೆ.

ಲೆಕ್ಕಪಕ್ಕಾ:

ಬರಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಸಂಖ್ಯೆ ಒಂದು ಇಟ್ಟುಬಿಡುತ್ತೇನೆ. ಅಮೆರಿಕದ ಪವರ್‌ಬಾಲ್ ಲಾಟರಿಯಲ್ಲಿ 69 ಸಂಖ್ಯೆಯಲ್ಲಿ 5, ಆಮೇಲೆ ಬೇರೆ 26ರಲ್ಲಿ 1 ಸರಿಯಾಗಿ ಹೇಳಬೇಕು. ಎಲ್ಲ ಜೋಡಣೆ ಸೇರಿದರೆ 29 ಕೋಟಿ 22 ಲಕ್ಷ ಚಿಲ್ಲರೆ. ಒಂದು ಟಿಕೆಟ್ಟಿಗೆ ಅದರಲ್ಲಿ ಒಂದು ಅವಕಾಶ. ಯುರೋಪಿನ ಯುರೋಮಿಲಿಯನ್ಸ್ ಲಾಟರಿಯಲ್ಲಿ ಸುಮಾರು 14 ಕೋಟಿಗೆ ಒಂದು. ಇಷ್ಟೇ, ಇನ್ನು ಈ ವಿಷಯ ಎತ್ತುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡ ತೊಡಕು ಬೇರೆ. ನೀವು 100 ಕೋಟಿ ಪೂರ್ತಿ ಮುಂದೆ ಹರಡಿಕೊಂಡು ಹಂಚಲು ಕೂತಿದ್ದೀರಿ. ಹಾಗೆ ಕೂತರೆ ಯಾರಿಗೆ ಎಷ್ಟು ಕೊಟ್ಟರೂ ಕಮ್ಮಿ ಅಂತಲೇ ಅನಿಸುತ್ತದೆ, ಕೇಳುವವರಿಗೂ ಹಾಗೇ ಅನಿಸುತ್ತದೆ. "100 ಇಟ್ಟುಕೊಂಡು ನನಗೆ 1 ಕೊಟ್ಟ" ಅನ್ನೋ ಮಾತು ಬಂದೇ ಬರುತ್ತದೆ. ಅದಕ್ಕೇ ಮೊದಲು ಹಂಚುವ ದುಡ್ಡನ್ನು ಬೇರೆ ಮಾಡಿ. 20 ಕೋಟಿ ಅಂತ ಇಟ್ಟುಕೊಳ್ಳೋಣ. ಉಳಿದ 80ನ್ನು ಒಂದು ಟ್ರಸ್ಟಿಗೋ ಹೂಡಿಕೆಗೋ ಹಾಕಿ, ಅದನ್ನು ಮುಟ್ಟಲು ನಿಮಗೇ ಕಷ್ಟ ಆಗುವ ಹಾಗೆ ಕಟ್ಟಿಬಿಡಿ. 80 ಕೋಟಿಯಿಂದ ವರ್ಷಕ್ಕೆ ಶೇ. 3 ಮಾತ್ರ ತೆಗೆದರೂ 2 ಕೋಟಿ 40 ಲಕ್ಷ, ಅಂದರೆ ತಿಂಗಳಿಗೆ 20 ಲಕ್ಷ. ಮಿಕ್ಕ ಗಳಿಕೆ ಅಲ್ಲೇ ಬೆಳೆಯಲಿ, ಬೆಲೆ ಏರಿಕೆಗೆ ಅದು ಬೇಕು. ಜನ ಶೇ. 7, 8 ಅಂತ ಬಡ್ಡಿ ಪೂರ್ತಿ ತಿನ್ನುವ ಲೆಕ್ಕ ಹಾಕುತ್ತಾರೆ, 20 ವರ್ಷ ಆದಮೇಲೆ ಅದೇ ಬಡ್ಡಿಗೆ ಅರ್ಧ ಸಾಮಾನೂ ಬರುವುದಿಲ್ಲ.

ಇನ್ನೊಂದು, ಘೋಷಿಸುವ ಮೊತ್ತವೇ ಬೇರೆ ಕೈಗೆ ಬರುವುದೇ ಬೇರೆ. 2022ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾದ ಒಂದೇ ಟಿಕೆಟ್ಟಿಗೆ 204 ಕೋಟಿ ಡಾಲರ್ ಬಂತು ಅಂತ ಎಲ್ಲ ಕಡೆ ಸುದ್ದಿಯಾಯಿತು. ಅದು ಕಂತಿನ ಲೆಕ್ಕ. ಪವರ್‌ಬಾಲ್ ಕಂತು ಅಂದರೆ 29 ವರ್ಷದಲ್ಲಿ 30 ಸಲ ಕೊಡುತ್ತಾರೆ, ಪ್ರತಿ ಕಂತು ಹಿಂದಿನದಕ್ಕಿಂತ ಶೇ. 5 ಜಾಸ್ತಿ. ಒಟ್ಟಿಗೆ ಕೊಡಿ ಅಂದರೆ ಸಿಗುತ್ತಿದ್ದುದು 99.76 ಕೋಟಿ ಡಾಲರ್, ಅದೂ ತೆರಿಗೆಗೆ ಮುಂಚೆ. ಗೆದ್ದವರಲ್ಲಿ ಜಾಸ್ತಿ ಜನ ಒಟ್ಟಿಗೇ ತೆಗೆದುಕೊಳ್ಳುತ್ತಾರೆ. ನಾನಾಗಿದ್ದರೆ ಕಂತು ತೆಗೆದುಕೊಳ್ಳುತ್ತಿದ್ದೆ. ಕಾರಣ ಲಾಭನಷ್ಟ ಅಲ್ಲ. ಮೊದಲ ವರ್ಷ ಏನೇ ಎಡವಟ್ಟಾದರೂ, ಯಾರೇ ಮೋಸ ಮಾಡಿದರೂ ಮುಂದಿನ ವರ್ಷ ಮತ್ತೆ ಬರುತ್ತದಲ್ಲ. ನಿಮ್ಮ ಪ್ರಶ್ನೆಗೂ ಇದು ಒಳ್ಳೆಯದು, "ಇನ್ನೂ ಬಂದಿಲ್ಲ" ಅನ್ನೋ ಮಾತು ಸುಳ್ಳಾಗುವುದಿಲ್ಲ.

ತೆರಿಗೆ ದೇಶ ದೇಶಕ್ಕೆ ಬೇರೆ. ಬ್ರಿಟನ್, ಕೆನಡಾದಲ್ಲಿ ಲಾಟರಿ ಗೆದ್ದ ಹಣಕ್ಕೆ ತೆರಿಗೆ ಇಲ್ಲ. ಭಾರತದಲ್ಲಿ ನೇರ ಶೇ. 30, ಅದರ ಮೇಲೆ ಸರ್‌ಚಾರ್ಜ್, ಸೆಸ್. ಆದರೆ ಕನಸು ಕಟ್ಟುವವರು ಮರೆಯುವುದು ಕೊಡುವಾಗ ಬರುವ ತೆರಿಗೆ. ಅಮೆರಿಕದಲ್ಲಿ ದೊಡ್ಡ ಉಡುಗೊರೆಯ ತೆರಿಗೆ ಹೊಣೆ ಕೊಟ್ಟವನದು. ಬ್ರಿಟನ್ನಿನಲ್ಲಿ ಕೊಟ್ಟವನು 7 ವರ್ಷದೊಳಗೆ ತೀರಿಕೊಂಡರೆ ಆ ಉಡುಗೊರೆ ಉತ್ತರಾಧಿಕಾರ ತೆರಿಗೆಯ ಲೆಕ್ಕಕ್ಕೆ ಸೇರಬಹುದು. ಭಾರತದಲ್ಲಿ ಅಕ್ಕ, ತಮ್ಮನಿಗೆ ಕೊಟ್ಟರೆ ಅವರಿಗೆ ತೆರಿಗೆ ಇಲ್ಲ, ಆದರೆ ನೀವು ಚಿಕ್ಕಪ್ಪನಿಗೆ ಕೊಟ್ಟರೆ ಆ ವಿನಾಯಿತಿ ಇಲ್ಲ. ಗೆಳೆಯನಿಗೆ 1 ಕೋಟಿ ಕೊಟ್ಟರೂ ಅಷ್ಟೇ, ಅದು ಅವನ ಆದಾಯ ಅಂತಲೇ ಆಗುತ್ತದೆ. ಉಡುಗೊರೆ ಅಂತ ಕೊಟ್ಟು ಅವನ ತಲೆಗೆ ತೆರಿಗೆ ಕಟ್ಟಿದ ಹಾಗೆ. ಕೊಡುವ ಮುಂಚೆ ಇದನ್ನು ಗೊತ್ತಿರುವವರ ಹತ್ತಿರ ಕೇಳಲೇಬೇಕು.

ಮೌನಿ:

ಹಂಚುವ ಮಾತು ಆಮೇಲೆ. ಮೊದಲು ಯಾರಿಗೂ ಹೇಳಬೇಡಿ. ಕನಸಲ್ಲೂ ಹೇಳಬೇಡಿ.

2002ರ ಡಿಸೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾದ ಜ್ಯಾಕ್ ವಿಟೇಕರ್ ಅನ್ನುವವರು 31.49 ಕೋಟಿ ಡಾಲರ್‌ನ ಜಾಕ್‌ಪಾಟ್ ಗೆದ್ದರು. ಅವರು ಬಡವರೇನೂ ಅಲ್ಲ, ಗೆಲ್ಲುವ ಮೊದಲೇ ಚೆನ್ನಾಗಿ ದುಡ್ಡಿದ್ದ ಗುತ್ತಿಗೆದಾರರು. ಕೈ ಬಿಗಿ ಮನುಷ್ಯರೂ ಅಲ್ಲ, ಚರ್ಚುಗಳಿಗೆ ದೊಡ್ಡ ಮೊತ್ತ ಕೊಟ್ಟರು. ಆದರೆ ಹೆಸರು, ಮುಖ ಎಲ್ಲರಿಗೂ ಗೊತ್ತಾಯಿತು. ಸಹಾಯ ಕೇಳುವವರು ಸಾಲುಗಟ್ಟಿದರು, ಕೇಸುಗಳು ಬಿದ್ದವು, ಮರುವರ್ಷ ಅವರ ಗಾಡಿಯಿಂದ 5 ಲಕ್ಷ ಡಾಲರಿಗೂ ಜಾಸ್ತಿ ನಗದು ಕಳುವಾಯಿತು, 2004ರಲ್ಲಿ ಅವರು ಪ್ರಾಣ ಅಂತಿದ್ದ ಮೊಮ್ಮಗಳು ತೀರಿಕೊಂಡಳು. ಆ ಟಿಕೆಟ್ ಹರಿದು ಹಾಕಬೇಕಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ದುಡ್ಡಿನ ಅನುಭವ ಇದ್ದವರಿಗೇ ಹೀಗಾಯಿತು ಅನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಹಾಗಾಗಿ ಹೆಸರು ಗುಟ್ಟಾಗಿಡಲು ಸಾಧ್ಯವಾ ಅಂತ ಮೊದಲು ನೋಡಬೇಕು. ಬ್ರಿಟನ್ನಿನಲ್ಲಿ ಪ್ರಚಾರ ಬೇಡ ಅಂತ ಗೆದ್ದವರು ಹೇಳಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಟಿಕೆಟ್ ಕೈಗೆ ಬಂದ ತಕ್ಷಣ ಹಿಂದೆ ಸಹಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ, ಕಳೆದುಹೋದರೆ ಸಿಕ್ಕವನ ಪಾಲಾಗಬಾರದು ಅಂತ. ಸರಿಯಾದ ಮಾತೇ. ಆದರೆ 2018ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸುಮಾರು 56 ಕೋಟಿ ಡಾಲರ್ ಗೆದ್ದ ಹೆಂಗಸು ತನ್ನ ಹೆಸರಲ್ಲೇ ಸಹಿ ಹಾಕಿಬಿಟ್ಟರು. ಟ್ರಸ್ಟಿನ ಹೆಸರಲ್ಲಿ ಹಾಕಿದ್ದರೆ ಗುಟ್ಟಾಗಿ ಉಳಿಯುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ಕೋರ್ಟಿಗೆ ಹೋಗಿ ಹೆಸರು ಮುಚ್ಚಿಡುವ ಹಕ್ಕು ಪಡೆದರು. ಇಲ್ಲಿಂದ ನಾನು ತಿಳಿದುಕೊಂಡಿದ್ದು, ಟಿಕೆಟನ್ನು ಭದ್ರ ಜಾಗದಲ್ಲಿಟ್ಟು ಅದೇ ದಿನ ವಕೀಲರನ್ನು ನೋಡಬೇಕು. ಬಹುಮಾನ ಪಡೆಯಲು ಗಡುವು ಇರುತ್ತದೆ, ಆದರೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಇರುತ್ತದೆ. ಓಡುವ ಅಗತ್ಯ ಇಲ್ಲ.

ಮತ್ತೆ ಆರು ತಿಂಗಳು ಯಾವ ದೊಡ್ಡ ತೀರ್ಮಾನವೂ ಬೇಡ. ಕೆಲಸ ಬಿಡಬೇಡಿ, ಮನೆ ಬದಲಿಸಬೇಡಿ, ಫೋನ್ ನಂಬರ್ ಮಾತ್ರ ಬೇಕಾದರೆ ಬದಲಿಸಿ.

ಹಗಲುಗನಸು:

ಮೌನಿ ಅವರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ನನ್ನ ಗಂಟು ಇನ್ನೂ ಬಿಗಿಯಾಯಿತು. ಯಾರಿಗೂ ಹೇಳದೆ ಕೊಡೋದು ಹೇಗೆ? ಅಕ್ಕನ ಸಾಲ ತೀರಿಸಿದೆ ಅಂದುಕೊಳ್ಳಿ. ದುಡ್ಡು ಎಲ್ಲಿಂದ ಬಂತು ಅಂತ ಅವಳು ಕೇಳದೇ ಇರುತ್ತಾಳಾ? ಸುಳ್ಳು ಹೇಳಿ ಕೊಡೋದಕ್ಕೆ ನನಗೆ ಮನಸ್ಸಿಲ್ಲ. ಮುಚ್ಚಿಟ್ಟು, ಅವಳು ಕಂತು ಕಟ್ಟಲು ಒದ್ದಾಡುವುದನ್ನು ನೋಡುತ್ತಾ ಆರು ತಿಂಗಳು ಕೂರುವುದಂತೂ ಆಗದ ಮಾತು. ದುಡ್ಡು ಬಂದು ಮೊದಲ ಕೆಲಸವೇ ಅಕ್ಕನಿಂದ ಮುಖ ಮರೆಸೋದು ಅಂದರೆ ಆ ದುಡ್ಡು ಯಾಕೆ ಬೇಕು?

ಕಿರಿಮಗಳು:

ನಿಮ್ಮ ಪ್ರಶ್ನೆ ಓದಿ ಬರೆಯದೇ ಇರಲು ಆಗಲಿಲ್ಲ. ನಮ್ಮ ಮನೆಯಲ್ಲಿ ಲಾಟರಿ ಹೊಡೆದಿಲ್ಲ, ಆದರೆ ಜಮೀನು ಮಾರಿದ ದುಡ್ಡು ಒಂದೇ ಸಲ ಬಂದಿತ್ತು. ಜಾಕ್‌ಪಾಟ್ ಅಲ್ಲ, ಆದರೂ ನಮ್ಮ ಮಟ್ಟಿಗೆ ದೊಡ್ಡದು. ನಮ್ಮ ಅಪ್ಪ ಯಾರಿಗೂ ಇಲ್ಲ ಅನ್ನುವವರಲ್ಲ. ಕೇಳಿದವರಿಗೆಲ್ಲ ಕೊಟ್ಟರು, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರು. ಸಾಲ ಅಂತಲೇ ಕೊಟ್ಟಿದ್ದು, ತೆಗೆದುಕೊಳ್ಳುವವರಿಗೆ ಸಂಕೋಚ ಆಗಬಾರದು ಅಂತ. ಬಡ್ಡಿ ಇಲ್ಲ, ಗಡುವು ಇಲ್ಲ, ಆದಾಗ ಕೊಡಿ.

ಆಗಿದ್ದೇನು ಅಂದರೆ ತೆಗೆದುಕೊಂಡವರು ಮನೆಗೆ ಬರುವುದನ್ನೇ ನಿಲ್ಲಿಸಿದರು. ಕೆಟ್ಟವರಲ್ಲ ಅವರು. ವಾಪಸ್ ಕೊಡಲು ಆಗಿಲ್ಲ ಅನ್ನೋ ನಾಚಿಕೆ. ಹಬ್ಬಕ್ಕೆ ಕರೆದರೂ ಏನೋ ನೆಪ. ನಾವು ಚಿಕ್ಕವರಿದ್ದಾಗ ನಮ್ಮನ್ನು ಎತ್ತಿ ಆಡಿಸಿದ ಅತ್ತೆ, ಎದುರಿಗೆ ಸಿಕ್ಕರೆ "ಸ್ವಲ್ಪ ದಿನ ಕಣಮ್ಮ, ಕೊಟ್ಟುಬಿಡ್ತೀನಿ" ಅಂತ ಶುರು ಮಾಡುತ್ತಿದ್ದರು. ಅಪ್ಪ ಒಂದು ಸಲವೂ ಕೇಳಿದವರಲ್ಲ. ಕೇಳದೇ ಇದ್ದರೂ ಆ ದುಡ್ಡು ಮಧ್ಯದಲ್ಲಿ ಕೂತಿರುತ್ತಿತ್ತು. ಆ ಪುಸ್ತಕ ಸುಟ್ಟುಬಿಡಿ ಅಂತ ಅಮ್ಮ ಎಷ್ಟೋ ಸಲ ಹೇಳಿದರು. ಸುಟ್ಟಿದ್ದರೂ ಅವರ ಮನಸ್ಸಿನಲ್ಲಿದ್ದ ಲೆಕ್ಕ ಸುಡಲು ಆಗುತ್ತಿರಲಿಲ್ಲ.

ಅದಕ್ಕೇ ನಾನು ಗಟ್ಟಿಯಾಗಿ ಹೇಳುತ್ತೇನೆ, ಸಂಬಂಧದಲ್ಲಿ ಸಾಲ ಅಂತ ಕೊಡಬೇಡಿ. ಕೊಟ್ಟರೆ ಕೊಟ್ಟಿದ್ದು, ಇದು ವಾಪಸ್ ಬೇಡ ಅಂತ ಬಾಯಿಬಿಟ್ಟು ಹೇಳಿ, ಕಾಗದದಲ್ಲೂ ಬರೆದುಕೊಡಿ. ಎರಡನೆಯದು, ಒಂದೇ ಸಲ ಕೊಡಿ. ಕೇಳಿದಾಗ ಕೇಳಿದಾಗ ಸ್ವಲ್ಪ ಸ್ವಲ್ಪ ಕೊಡುತ್ತಾ ಹೋದರೆ ಪ್ರತಿ ಫೋನು ಬಂದಾಗಲೂ "ಏನು ಕೇಳುತ್ತಾರೋ" ಅಂತ ನಿಮಗೆ, "ಹೇಗೆ ಕೇಳಲಿ" ಅಂತ ಅವರಿಗೆ. ಸುಮ್ನೆ ಚೆನ್ನಾಗಿದ್ದೀರಾ ಅಂತ ಕೇಳಲು ಫೋನ್ ಮಾಡಿದವರನ್ನೂ ಅನುಮಾನದಿಂದ ನೋಡುವ ಹಾಗೆ ಆಗುತ್ತದೆ. ಅದು ಬಹಳ ನೋವಿನ ಸಂಗತಿ, ನಾನು ಕಣ್ಣಾರೆ ನೋಡಿದ್ದೇನೆ.

ಉತ್ತರ ಐರ್ಲೆಂಡಿನ ಒಂದು ದಂಪತಿ, ಕನಾಲಿ ಅಂತ ಮನೆತನದ ಹೆಸರು, 2019ರ ಹೊಸ ವರ್ಷದ ದಿನದ ಯುರೋಮಿಲಿಯನ್ಸ್‌ನಲ್ಲಿ ಸುಮಾರು 11.5 ಕೋಟಿ ಪೌಂಡ್ ಗೆದ್ದರು. ಗೆದ್ದ ತಕ್ಷಣ ಅವರು ಮಾಡಿದ ಕೆಲಸ ನಿಮ್ಮ ಕನಸಿನದೇ, ಯಾರಿಗೆಲ್ಲ ಕೊಡಬೇಕು ಅಂತ 50 ಜನರ ಪಟ್ಟಿ. ಅರ್ಧಕ್ಕಿಂತ ಜಾಸ್ತಿ, 6 ಕೋಟಿ ಪೌಂಡ್‌ಗೂ ಮೇಲೆ, ಬಂಧುಗಳಿಗೆ, ಸ್ನೇಹಿತರಿಗೆ, ಸಮಾಜಕ್ಕೆ ಕೊಟ್ಟಿದ್ದೇವೆ ಅಂತ ಆ ಹೆಂಗಸು ಮುಂದೆ ಹೇಳಿದ್ದಾರೆ. ಹೆಸರು ಮುಚ್ಚಿಡದೇ ಕೊಟ್ಟವರು. ಕೆನಡಾದ ನೋವಾ ಸ್ಕೋಷಿಯಾದಲ್ಲಿ 2010ರಲ್ಲಿ ಒಂದು ವಯಸ್ಸಾದ ಜೋಡಿ 1.12 ಕೋಟಿ ಕೆನಡಾ ಡಾಲರ್ ಗೆದ್ದು ಹೆಚ್ಚುಕಮ್ಮಿ ಪೂರ್ತಿ ಹಂಚಿಬಿಟ್ಟಿತು. ಮೊದಲು ಮನೆಯವರಿಗೆ, ಆಮೇಲೆ ಆಸ್ಪತ್ರೆ, ಚರ್ಚು, ಅಗ್ನಿಶಾಮಕ ದಳ ಹೀಗೆ. ಹೆಂಡತಿಗೆ ಆಗ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿತ್ತು. ಹಾಗಾಗಿ ಗುಟ್ಟೊಂದೇ ದಾರಿ ಅಂತ ನನಗೆ ಅನಿಸುವುದಿಲ್ಲ. ಕೊಟ್ಟಿದ್ದಕ್ಕೆ ತುದಿ ಇರಬೇಕು, ಇಷ್ಟೇ, ಇದಾದಮೇಲೆ ಇಲ್ಲ ಅಂತ ಎಲ್ಲರಿಗೂ ಒಂದೇ ದಿನ ಗೊತ್ತಾಗಬೇಕು.

ನಿಮ್ಮ ಅಕ್ಕನ ವಿಷಯಕ್ಕೆ ಬಂದರೆ, ಅಕ್ಕನಿಗೆ ಹೇಳಿ. ಆರು ತಿಂಗಳು ಕಾಯುವುದು ಬೇಡ. ಆದರೆ ಮೊತ್ತ ಹೇಳಬೇಡಿ. "ನನಗೆ ಒಳ್ಳೆಯ ದುಡ್ಡು ಬಂದಿದೆ, ನಿನ್ನ ಸಾಲ ನಾನು ತೀರಿಸುತ್ತೇನೆ, ಮಿಕ್ಕಿದ್ದು ಆಮೇಲೆ ಮಾತಾಡೋಣ" ಅಂದರೆ ಅದರಲ್ಲಿ ಸುಳ್ಳು ಎಲ್ಲಿದೆ?

ಮೌನಿ:

ಕಿರಿಮಗಳು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಸಾಲ ನೇರವಾಗಿ ಬ್ಯಾಂಕಿಗೆ ಕಟ್ಟಿ, ಮಕ್ಕಳ ಫೀಸು ನೇರವಾಗಿ ಕಾಲೇಜಿಗೆ ಕಟ್ಟಿ. ಅಕ್ಕನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಅಕ್ಕನ ಖಾತೆಗೆ ದೊಡ್ಡ ದುಡ್ಡು ಬಿದ್ದರೆ ಕೇಳುವವರು ಅಕ್ಕನ ಬಾಗಿಲಿಗೆ ಹೋಗುತ್ತಾರೆ, ಇಲ್ಲ ಅನ್ನುವ ಕಷ್ಟವನ್ನು ನೀವು ಅವರಿಗೆ ದಾಟಿಸಿದ ಹಾಗೆ. 2006ರಲ್ಲಿ ಫ್ಲಾರಿಡಾದಲ್ಲಿ 3 ಕೋಟಿ ಡಾಲರ್ ಗೆದ್ದ ಒಬ್ಬ ಕೂಲಿ ಕೆಲಸದ ಮನುಷ್ಯ ಕೇಳಿದವರಿಗೆಲ್ಲ ಕೊಟ್ಟು, ಕೊನೆಗೆ ಹಣ ನೋಡಿಕೊಳ್ಳುತ್ತೇನೆ ಅಂತ ಹತ್ತಿರ ಬಂದವಳ ಕೈಯಲ್ಲೇ 2009ರಲ್ಲಿ ಕೊಲೆಯಾದ. ಕೋರ್ಟಿನಲ್ಲಿ ಸಾಬೀತಾದ ವಿಷಯ ಇದು. ಒಳ್ಳೆಯವನಾಗಿದ್ದ, ಅವನ ಮತ್ತು ಕೇಳುವವರ ಮಧ್ಯೆ ಒಬ್ಬ ನಂಬಿಕಸ್ಥ ವಕೀಲರೋ ಲೆಕ್ಕಪರಿಶೋಧಕರೋ ನಿಂತಿದ್ದರೆ ಅಂತ ಅನಿಸುತ್ತದೆ. ದುಡ್ಡು ನೋಡಿಕೊಳ್ಳುವವರನ್ನು ನೀವು ಹುಡುಕಿಕೊಂಡು ಹೋಗಬೇಕು, ಅವರಾಗಿ ಬಂದವರನ್ನು ಸೇರಿಸಬಾರದು.

ಓದುಗೂಡು:

ಇಲ್ಲಿ ಭಯದ ಕಥೆ ಸ್ವಲ್ಪ ಜಾಸ್ತಿಯಾಯಿತು, ಇನ್ನೊಂದು ಮುಖ ಹೇಳಬೇಕು ಅನಿಸಿತು.

"ಲಾಟರಿ ಗೆದ್ದವರಲ್ಲಿ ಶೇ. 70 ಜನ ಕೆಲವೇ ವರ್ಷದಲ್ಲಿ ದಿವಾಳಿ" ಅನ್ನುವ ಮಾತು ನೀವೆಲ್ಲ ಕೇಳಿರುತ್ತೀರಿ. ಅಮೆರಿಕದ ಒಂದು ಹಣಕಾಸು ಶಿಕ್ಷಣ ಸಂಸ್ಥೆಯ ಹೆಸರಲ್ಲಿ ಅದು ಓಡಾಡುತ್ತಿತ್ತು. ಆ ಸಂಸ್ಥೆಯೇ 2018ರಲ್ಲಿ, ನಮ್ಮ ಯಾವ ಅಧ್ಯಯನದಲ್ಲೂ ಇದಿಲ್ಲ ಅಂತ ಹೇಳಿತು. ಆದರೂ ನಿಂತಿಲ್ಲ. ಹಾಳಾದವರ ಕಥೆ ಸುದ್ದಿಯಾಗುತ್ತದೆ, ಸುಮ್ಮನೆ ಚೆನ್ನಾಗಿ ಬದುಕಿದವರ ಕಥೆ ಯಾರು ಬರೆಯುತ್ತಾರೆ?

ಗೆದ್ದರೂ ಸುಖ ಇಲ್ಲ ಅನ್ನುವವರು ತೋರಿಸುವುದು 1978ರ ಒಂದು ಹಳೆಯ ಅಧ್ಯಯನ. ಅದರಲ್ಲಿದ್ದ ಗೆದ್ದವರು 22 ಜನ ಮಾತ್ರ. ಅದಕ್ಕಿಂತ ಎಷ್ಟೋ ದೊಡ್ಡದು ಸ್ವೀಡನ್ನಿನದು, 2020ರಲ್ಲಿ ಪ್ರಕಟವಾಯಿತು. 3,000ಕ್ಕೂ ಜಾಸ್ತಿ ಜನರನ್ನು, ಲಾಟರಿ ಬಂದು 5ರಿಂದ 22 ವರ್ಷ ಆದಮೇಲೆ ವಿಚಾರಿಸಿದರು. ದೊಡ್ಡ ಬಹುಮಾನ ಬಂದವರು ತಮ್ಮ ಬದುಕಿನ ಬಗ್ಗೆ ಜಾಸ್ತಿ ತೃಪ್ತಿಯಿಂದ ಇದ್ದರು, ವರ್ಷಗಳು ಕಳೆದರೂ ಆ ತೃಪ್ತಿ ಕರಗಿರಲಿಲ್ಲ. ದಿನನಿತ್ಯದ ಖುಷಿ, ಮನಸ್ಸಿನ ಆರೋಗ್ಯದ ಮೇಲೆ ಮಾತ್ರ ಪರಿಣಾಮ ಅಷ್ಟಾಗಿ ಕಾಣಲಿಲ್ಲ. ನನಗೆ ಇದು ನಂಬುವ ಹಾಗಿದೆ. ಸಾಲದ ಚಿಂತೆ ಹೋಗುತ್ತದೆ, ಮಕ್ಕಳ ಓದಿನ ಚಿಂತೆ ಹೋಗುತ್ತದೆ, ಆದರೆ ಮುಂಗೋಪಿ ಮುಂಗೋಪಿಯಾಗಿಯೇ ಉಳಿಯುತ್ತಾನೆ. ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ ಗೆದ್ದವರ ದುಡಿಮೆ ಸ್ವಲ್ಪವೇ ಕಡಿಮೆಯಾಗಿತ್ತು. ಎಲ್ಲ ಬಿಟ್ಟು ಕೂರುತ್ತಾರೆ ಅನ್ನುವುದೂ ಅಷ್ಟು ನಿಜ ಅಲ್ಲ.

ಆದರೆ ಅಕ್ಕನ ಸಾಲದ ವಿಷಯಕ್ಕೆ ಹತ್ತಿರವಾದ ಒಂದು ಇದೆ. ಫ್ಲಾರಿಡಾದಲ್ಲಿ 50,000ದಿಂದ 1,50,000 ಡಾಲರ್ ಗೆದ್ದವರನ್ನು ನೋಡಿದರು, ಪುಟ್ಟ ಮೊತ್ತ ಬಂದವರ ಜೊತೆ ಹೋಲಿಸಿದರು, 2011ರಲ್ಲಿ ಪ್ರಕಟವಾಯಿತು. ಮೊದಲ ಎರಡು ವರ್ಷ ದಿವಾಳಿ ಅರ್ಜಿ ಕಡಿಮೆ. ಮೂರರಿಂದ ಐದನೇ ವರ್ಷದಲ್ಲಿ ಜಾಸ್ತಿ. ಒಟ್ಟು ಲೆಕ್ಕ ಹೆಚ್ಚುಕಮ್ಮಿ ಒಂದೇ. ಅಂದರೆ ಸಾಲ ತೀರಿಸುವಷ್ಟು ದುಡ್ಡು ಒಂದು ಸಲ ಬಂದ ಮಾತ್ರಕ್ಕೆ ಸಾಲ ಹೋಗುವುದಿಲ್ಲ, ತಿಂಗಳು ತಿಂಗಳು ದುಡಿದದ್ದು ಖರ್ಚಿಗೆ ಸಾಕಾಗದೇ ಇರುವುದು ಹಾಗೇ ಇದ್ದರೆ ಸಾಲ ಮತ್ತೆ ಬರುತ್ತದೆ. ಹಾಗಾಗಿ ಸಾಲ ತೀರಿಸುವುದರ ಜೊತೆ ಅಕ್ಕನಿಗೆ ಪ್ರತಿ ತಿಂಗಳು ಬರುವ ಒಂದು ಆದಾಯ ಮಾಡಿಕೊಡಿ, ಅವಳ ಹೆಸರಿನಲ್ಲೇ, ನಿಮ್ಮನ್ನು ಕೇಳುವ ಅಗತ್ಯ ಇಲ್ಲದ ಹಾಗೆ.

ಇನ್ನು ನೆರೆಹೊರೆ. ನೆದರ್ಲೆಂಡ್ಸ್‌ನಲ್ಲಿ ಪಿನ್‌ಕೋಡಿನ ಮೇಲೆ ನಡೆಯುವ ಲಾಟರಿ ಇದೆ, ಒಂದು ಬೀದಿಯಲ್ಲಿ ಟಿಕೆಟ್ ಇದ್ದವರೆಲ್ಲ ಗೆಲ್ಲುತ್ತಾರೆ. ಅಲ್ಲಿ ಟಿಕೆಟ್ ಇಲ್ಲದ ಪಕ್ಕದ ಮನೆಯವರೂ ಕಾರು ಕೊಳ್ಳುವುದು ಜಾಸ್ತಿಯಾಗಿತ್ತು. ಕೆನಡಾದಲ್ಲಿ ಗೆದ್ದವರ ನೆರೆಯವರಲ್ಲಿ ದಿವಾಳಿ ಜಾಸ್ತಿಯಾಗಿದ್ದನ್ನು ಸಂಶೋಧಕರು ಕಂಡಿದ್ದಾರೆ. ನೀವು ಮೆರೆದರೆ ಪಕ್ಕದವರು ಸಾಲ ಮಾಡುತ್ತಾರೆ. ಮೌನಿ ಅವರು ಹೇಳಿದ ಗುಟ್ಟಿಗೆ ನನ್ನ ಪ್ರಕಾರ ಇದೇ ಒಳ್ಳೆಯ ಕಾರಣ, ಕಳ್ಳರ ಭಯಕ್ಕಿಂತ.

ತಂಗಾಳಿ:

ಗೆಳೆಯನ ಬಗ್ಗೆ ಯಾರೂ ಹೇಳಲಿಲ್ಲ, ನನಗೆ ಅದೇ ಮುಖ್ಯ ಅನಿಸಿತು.

ಬಿಲ್ಲು ಅರ್ಧ ಅರ್ಧ ಹಾಕುವ ಗೆಳೆಯನಿಗೆ 1 ಕೋಟಿ ಕೊಡಬೇಡಿ. ಕೈಗೆ ದುಡ್ಡು ಇಟ್ಟರೆ ಆ ಅರ್ಧ ಅರ್ಧ ಮುಗಿಯಿತು. ಅವನಿಗೆ ಕಷ್ಟ ಬಂದಾಗ, ಆಸ್ಪತ್ರೆ, ಮಕ್ಕಳ ಓದು ಇಂಥದ್ದು, ಆಗ ನಿಲ್ಲಿ, ಹಿಂದೆ ಮುಂದೆ ನೋಡದೆ ನಿಲ್ಲಿ. ಮಿಕ್ಕ ದಿನ ಮೊದಲಿನ ಹಾಗೇ ಇರಿ, ಅವನಿಗೆ ಕೈಗೆಟುಕುವ ಜಾಗಕ್ಕೇ ಹೋಗಿ, ಅವನ ಅರ್ಧ ಅವನು ಕೊಡಲಿ. ನಿಮ್ಮ ಹತ್ತಿರ 100 ಕೋಟಿ ಇದೆ ಅಂತ ಅವನ ಪಾಲನ್ನೂ ನೀವೇ ಕೊಡಲು ಹೋದರೆ ಅವನ ಮರ್ಯಾದೆ ಕಿತ್ತುಕೊಂಡ ಹಾಗೆ. ಆದರೆ ವಿಷಯ ಅವನಿಗೆ ಹೇಳಿ. ನಿಮ್ಮನ್ನು ಬೈಯುವ ಒಬ್ಬ ಮನುಷ್ಯ ಆಗ ನಿಮಗೆ ಮೊದಲಿಗಿಂತ ಜಾಸ್ತಿ ಬೇಕಾಗುತ್ತಾನೆ, ಯಾಕಂದ್ರೆ ಮಿಕ್ಕವರೆಲ್ಲ ಹೌದು ಹೌದು ಅನ್ನಲು ಶುರು ಮಾಡಿರುತ್ತಾರೆ.

ಇಬ್ಬರು ಚಿಕ್ಕಪ್ಪಂದಿರ ವಿಷಯ, ಫೀಸು ಕಟ್ಟಿದವರಿಗೆ ಕೊಡಿ, ಋಣ ಅಂತಲೇ ಹೇಳಿ ಕೊಡಿ. ಇನ್ನೊಬ್ಬರಿಗೆ ಕೊಡಬೇಕಾದ್ದೇನೂ ಇಲ್ಲ. ಆದರೆ ಅವರಿಗೆ ಬುದ್ಧಿ ಕಲಿಸಬೇಕು ಅಂತ ಕೊಡದೇ ಇರಬೇಡಿ, ಆ ಎರಡೂ ಬೇರೆ ಬೇರೆ.

ಹೇಳಲು ಮರೆತೆ. ಕೆಲಸದ ಜಾಗದಲ್ಲಿ ನಾಲ್ಕು ಜನ ಸೇರಿ ಟಿಕೆಟ್ ಕೊಳ್ಳುವ ಅಭ್ಯಾಸ ಇದ್ದರೆ, ಯಾರ ಪಾಲು ಎಷ್ಟು ಅಂತ ಮೊದಲೇ ಬರೆದು ಎಲ್ಲರೂ ಸಹಿ ಹಾಕಿ, ಟಿಕೆಟ್ಟಿನ ಫೋಟೋ ಎಲ್ಲರಿಗೂ ಕಳಿಸಿ. ಹಾಗೆ ಗೆದ್ದವರು ಕೋರ್ಟು ಮೆಟ್ಟಿಲು ಹತ್ತಿದ್ದು ಬೇಕಾದಷ್ಟಿದೆ.

ಲೆಕ್ಕಪಕ್ಕಾ:

ತಂಗಾಳಿ ಹೇಳಿದ ಪಾಲಿನ ಮಾತಿಗೆ ಒಂದು. ಹುಟ್ಟಿದ ದಿನ, ಸಾಲಾಗಿ ಬರುವ ಸಂಖ್ಯೆ, ಎಲ್ಲರೂ ಇಷ್ಟಪಡುವ ಸಂಖ್ಯೆ ಆರಿಸಬೇಡಿ. ಗೆಲ್ಲುವ ಅವಕಾಶ ಅದರಿಂದ ಬದಲಾಗುವುದಿಲ್ಲ, ಗೆದ್ದರೆ ಹಂಚಿಕೊಳ್ಳುವವರು ಜಾಸ್ತಿಯಾಗುತ್ತಾರೆ. 1995ರ ಜನವರಿಯಲ್ಲಿ ಬ್ರಿಟನ್ನಿನ ಲಾಟರಿಯಲ್ಲಿ 133 ಜನ ಒಟ್ಟಿಗೆ ಮೊದಲ ಬಹುಮಾನ ಗೆದ್ದರು. ಒಬ್ಬೊಬ್ಬರಿಗೆ ಬಂದಿದ್ದು ಸುಮಾರು 1.22 ಲಕ್ಷ ಪೌಂಡ್. ಒಬ್ಬರೇ ಗೆದ್ದಿದ್ದರೆ 1 ಕೋಟಿ 60 ಲಕ್ಷ ದಾಟುತ್ತಿತ್ತು.

ಹಗಲುಗನಸು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಹಂಚುವ ದುಡ್ಡನ್ನು ಮೊದಲೇ ಬೇರೆ ಮಾಡುವುದು, ಸಾಲ ಅಂತ ಕೊಡದೇ ಇರುವುದು, ಒಂದೇ ದಿನ ಎಲ್ಲರಿಗೂ ಹೇಳಿ ಮುಗಿಸುವುದು, ಇವು ಮೂರೂ ನನಗೆ ಹೊಳೆದಿರಲಿಲ್ಲ. ಅಕ್ಕನಿಗೆ ಸಾಲ ತೀರಿಸಿ ತಿಂಗಳ ಆದಾಯ, ಮಕ್ಕಳ ಓದು ನೇರವಾಗಿ. ಚಿಕ್ಕಪ್ಪನಿಗೆ ಒಂದು ಮೊತ್ತ. ಗೆಳೆಯನಿಗೆ ವಿಷಯ ಮಾತ್ರ. ಕಿರಿಮಗಳು ಅವರೇ, ನಿಮ್ಮ ಅತ್ತೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ತಮ್ಮನೊಬ್ಬ ಉಳಿದುಬಿಟ್ಟ. ಅವನಿಗೆ ದುಡ್ಡಿನ ಅಗತ್ಯ ಇಲ್ಲ, ಆದರೆ ಬಿಟ್ಟರೆ ಬಿಟ್ಟ ಹಾಗೆ. ಅಕ್ಕನಷ್ಟೇ ಕೊಡಲಾ?

ಕಿರಿಮಗಳು:

ಅಕ್ಕನಿಗೆ ಎಷ್ಟು ಕೊಡಬೇಕು ಅಂತ ತಮ್ಮನನ್ನೇ ಕೂರಿಸಿಕೊಂಡು ಕೇಳಿ. ಅಕ್ಕನ ಕಷ್ಟ ಅವನಿಗೂ ಗೊತ್ತಿರುತ್ತದೆ ಅಲ್ವಾ? ತೀರ್ಮಾನದಲ್ಲಿ ಅವನೂ ಇದ್ದರೆ ಅಕ್ಕನಿಗೆ ಜಾಸ್ತಿ ಹೋಗಿದ್ದು ಅವನಿಗೆ ಕಮ್ಮಿಯಾದ ಹಾಗೆ ಅನಿಸುವುದಿಲ್ಲ, ಇಬ್ಬರೂ ಸೇರಿ ಕೊಟ್ಟ ಹಾಗೆ ಆಗುತ್ತದೆ. ಅವನ ಮಕ್ಕಳ ಹೆಸರಲ್ಲಿ ಅಕ್ಕನ ಮಕ್ಕಳಿಗೆ ಇಟ್ಟಷ್ಟೇ ಇಡಿ, ಅಲ್ಲಿ ಮಾತ್ರ ಒಂದು ಪೈಸೆ ವ್ಯತ್ಯಾಸ ಮಾಡಬೇಡಿ. ದೊಡ್ಡವರು ಒಂದು ದಿನ ಸರಿಹೋಗುತ್ತಾರೆ, ಮಕ್ಕಳ ವಿಷಯದಲ್ಲಿ ಮಾಡಿದ ಭೇದ ಮಾತ್ರ ಅವರು ದೊಡ್ಡವರಾದಮೇಲೂ ಮಾತಿಗೆ ಬರುತ್ತಲೇ ಇರುತ್ತದೆ.

ಹಗಲುಗನಸು:

ಅವನನ್ನೇ ಕೇಳೋದು ಅನ್ನೋದು ನನ್ನ ತಲೆಗೆ ಬಂದೇ ಇರಲಿಲ್ಲ. ಅಕ್ಕನ ಸಾಲದ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಕೂತು ಮಾತಾಡಿಯೇ ಇಲ್ಲ. ಅದಕ್ಕೆ ಲಾಟರಿ ಬರಬೇಕು ಅಂತೇನಿಲ್ಲ. ಭಾನುವಾರ ಫೋನ್ ಮಾಡುತ್ತೇನೆ.